ಸವಳುಹೊಂಡದ ತಂತುಮಾತೆಯೂ ದುಂಡವ್ವನ ಎಳೆಯೂ

ಸಕಲಭುವನಪಾಲಿನಿಯೂ ಶಿಲಾಗರ್ಭವಾಸಿನಿಯೂ ಆದ ಶ್ರೀ ತಂತುಮಾತೆಯ ಪಾದಾರವಿಂದಗಳಿಗೆ ಪೊಡಮಟ್ಟು, ತಂತೂರಿಗೆ ಬಂದು ಹೊಂಡದ ತೀರ್ಥವನ್ನು ಬಾಯಿಗಿಟ್ಟೊಡನೆ ಮುಖ ಹಿಂಡುವ ಯಾತ್ರಿಕಮಹಾಶಯರ ಸಂಶಯನಿವಾರಣಾರ್ಥವಾಗಿ ಈ ಕ್ಷೇತ್ರಮಹಿಮೆಯನ್ನು ಬರೆಯಲಾಗಿದೆ. ನೀರು ಸವಳೆಂಬುದು ನಮಗೂ ಗೊತ್ತು. ಆ ಸವಳೇ ನಮ್ಮ ಹೆಮ್ಮೆ.

ದ್ವಾಪರಯುಗವು ಇನ್ನೂ ಹೊಸತಾಗಿದ್ದ ಕಾಲದಲ್ಲಿ, ಮಲಪ್ರಭಾನದಿಗೆ ದಕ್ಷಿಣವಾಗಿ ಹಬ್ಬಿರುವ ಕೆಂಪುಗಲ್ಲಿನ ಗುಡ್ಡಸಾಲಿನ ತಪ್ಪಲಲ್ಲಿ, ಗೋಧಿ ಬೆಳೆದು ಕುಟ್ಟಿ ಬೀಸಿ ಬದುಕುವ ಜನರದೊಂದು ಹಟ್ಟಿಯಿತ್ತು. ಹಟ್ಟಿಗಿದ್ದದ್ದು ಒಂದೇ ಹೊಂಡ. ಅದರ ನೀರಿನಲ್ಲಿ ಬೇಳೆ ಬೇಯುತ್ತಿರಲಿಲ್ಲ, ಕುಡಿದರೆ ಬಾಯಾರಿಕೆ ಇಮ್ಮಡಿಯಾಗುತ್ತಿತ್ತು. ಸಿಹಿನೀರಿಗಾಗಿ ಹೆಂಗಸರು ಕೊಡ ಹೊತ್ತು ನದಿಯವರೆಗೆ ನಡೆದು ನಡೆದು ಸೋತಿದ್ದರು. ಆದ್ದರಿಂದ ಹಿರಿಯರೆಲ್ಲ ಕೂಡಿ, ಹಟ್ಟಿಯನ್ನೇ ಕಿತ್ತು ನದಿಯ ದಂಡೆಗೆ ಹೋಗುವುದೆಂದು ಮಾತಾಡಿಕೊಳ್ಳತೊಡಗಿದರು.

ಈ ಮಾತು ಕೇಳಿ ಒಳಗೊಳಗೇ ಬೆಂದವಳು ದುಂಡವ್ವನೊಬ್ಬಳೇ. ಆಕೆ ಬಾಳವ್ವನ ಸೊಸೆ, ಭರಮಪ್ಪನ ಹೆಂಡತಿ. ಅವರ ಒಂದೇ ಒಂದು ಹೆಣ್ಣುಕೂಸು ಜ್ವರದಿಂದ ತೀರಿಕೊಂಡು ಅದೇ ಹೊಂಡದ ಬದಿಯಲ್ಲಿ ಮಣ್ಣಾಗಿತ್ತು. ಬೀಸುಕಲ್ಲನ್ನು ಗಾಡಿಗೆ ಹೇರಬಹುದು, ಒರಳನ್ನು ಹೇರಬಹುದು. ಕೂಸನ್ನು ಹೂತ ಗುದ್ದನ್ನು ಹೇರಿಕೊಂಡು ಹೋಗುವುದು ಹೇಗೆ? ಆದರೆ ಸೊಸೆಯ ಮಾತನ್ನು ಸಭೆಯಲ್ಲಿ ಕೇಳುವವರಾರು?

ಹೀಗಿರಲಾಗಿ ಆ ಗುಡ್ಡದ ಬಂಡೆಯ ಮೇಲೆ ಅಚ್ಛಿನ್ನ ಮಹರ್ಷಿಗಳೆಂಬ ತಪೋಧನರು ಬಂದು ಕುಳಿತರು. ಛೇದನಭೇದನಗಳೆಲ್ಲವೂ ಹಿಂಸೆಯೆಂದು ತಿಳಿದು, ಜಗನ್ಮಾತೆಯನ್ನು ಧ್ಯಾನಿಸುತ್ತ ನಿರಾಹಾರವ್ರತವನ್ನು ಕೈಗೊಂಡಿದ್ದ ಆ ಮಹಾತ್ಮರು, ಅಕ್ಷಯ ತದಿಗೆಯಂದು ತಮ್ಮ ವ್ರತದ ಪಾರಣೆಯೆಂದೂ, ಕತ್ತಿ ಮುಟ್ಟದ, ಕೈ ಮುರಿಯದ ಅಖಂಡವಾದ ಅನ್ನವನ್ನು ನೀಡುವ ನೆಲದಲ್ಲಿಯೇ ದೇವಿಯು ನೆಲೆಸುವಳೆಂದೂ, ದೊರೆಯದಿದ್ದರೆ ಆಕೆಯನ್ನು ಕಮಂಡಲುವಿನಲ್ಲಿ ಆವಾಹಿಸಿಕೊಂಡು ಮುಂದೆ ನಡೆಯುವೆವೆಂದೂ ಅರುಹಿದರು. ಹಿರಿಯರಿಗೆ ಒಳ್ಳೆಯದೇ ಆಯಿತು. ದೇವಿ ಹೊರಟರೆ ನಾವೂ ಹೊರಟೆವು ಎಂದು ತದಿಗೆಯ ಬೆಳಗಿಗೇ ಗಾಡಿಗಳನ್ನು ಹೇರಿ ನಿಲ್ಲಿಸಿದರು.

ಆದರೂ ದೇವಿಯ ಕೆಲಸವೆಂದ ಮೇಲೆ ಸುಮ್ಮನಿರಲಾದೀತೆ? ಒಬ್ಬರು ಬಿಸಿ ರೊಟ್ಟಿ ತಂದರು. ಮುರಿಯದೆ ಉಣ್ಣುವ ಬಗೆ ಯಾರಿಗೂ ತೋಚಲಿಲ್ಲ. ನೆರೆಯೂರಿನ ಗೌಡನಂತೂ ಮೀಸೆ ತಿರುವುತ್ತ ಇಡೀ ಕುಂಬಳಕಾಯಿ ಹೊರಿಸಿಕೊಂಡು ಬಂದ. ಬಳ್ಳಿಯಿಂದ ಬಿಡಿಸಿದ್ದು ಹೇಗೆಂದು ಮಹರ್ಷಿಗಳು ಕೇಳಲು, ಕುಡುಗೋಲನ್ನು ಬೆನ್ನಹಿಂದೆ ಸರಿಸಿ ಬಂದ ದಾರಿಗೆ ಸುಂಕವಿಲ್ಲದೆ ಮರಳಿದ.

ದುಂಡವ್ವನಿಗೆ ಹೊಳೆದದ್ದು ಬೇರೆ. ಪಾಯಸಕ್ಕೆಂದು ಗೋಧಿಹಿಟ್ಟನ್ನು ಬೆರಳಲ್ಲಿ ಹೊಸೆದು, ಚಿವುಟಿ ಚಿವುಟಿ ಗವಲಿ ಮಾಡುವುದು ಆ ಹೆಂಗಸರಿಗೆ ನಿತ್ಯದ ಕೆಲಸ. ಚಿವುಟದೆ ಎಳೆಯುತ್ತಲೇ ಹೋದರೆ? ಆಕೆ ಗೋಧಿಯನ್ನು ಕುಟ್ಟಿ, ಬಟ್ಟೆಯಲ್ಲಿ ಸೋಸಿ, ಮಹರ್ಷಿಗಳ ಪಾರಣೆಗೆ ಸವಳು ಸಲ್ಲದೆಂದು ನದಿಯ ಸಿಹಿನೀರಿನಲ್ಲೇ ನಾದಿ ಎಳೆಯತೊಡಗಿದಳು. ಎಳೆ ಮೊಳದುದ್ದ ಬಂದು ಪಟ್ಟನೆ ಹರಿಯಿತು. ಮತ್ತೆ ನಾದಿದಳು, ಮತ್ತೆ ಹರಿಯಿತು. ಅವಸರದಲ್ಲಿ ಕೈ ತಾಗಿ ಸಿಹಿನೀರಿನ ಕೊಡವೂ ಉರುಳಿ ಬರಿದಾಯಿತು. ಆಗ ಆಕೆ ಎದ್ದು ಹೋಗಿ ಹೊಂಡದಿಂದ ನೀರು ಮೊಗೆದು ತಂದಳು.

“ದೇವರ ಪಾರಣಿಗೆ ಸವಳ ನೀರಾಗ ಹಿಟ್ಟ ನಾದತಿಯೇನ? ನಾಚಿಕಿ ಬರೂದಿಲ್ಲ ನಿನಗ?” ಎಂದಳು ಬಾಳವ್ವ.

“ನದಿಗೆ ಹೋಗಿ ಬರೂದ್ರಾಗ ಹೊತ್ತ ಮುಣಗತೈತ್ರಿ ಅತ್ತಿ. ನಮ್ಮ ಕೂಸಿಗೆ ಕಡೀಕ ಕುಡಿಸಿದ್ದೂ ಇದೇ ನೀರ. ಅದಕ್ಕ ನಡದದ್ದು ದೇವರಿಗೂ ನಡೀತೈತಿ.”

ದುಂಡವ್ವ ಹಿಟ್ಟನ್ನು ನಾದಿ, ಎಣ್ಣೆ ಸವರಿ, ಒದ್ದೆ ಅರಿವೆ ಮುಚ್ಚಿ ಬಂಡೆಯ ನೆರಳಲ್ಲಿಟ್ಟಳು. ಇನ್ನು ಆಗುವುದಿಲ್ಲವೆಂದೇ ಆಕೆಗೆ ಅನ್ನಿಸಿತ್ತು. ಕೂಸಿನ ಗುದ್ದಿನ ಬಳಿ ಹೋಗಿ ಕುಳಿತು, ಬಿಟ್ಟುಹೋಗುವ ಸಂಕಟವನ್ನೆಲ್ಲ ಅತ್ತು ಮುಗಿಸಿ ಬರುವ ಹೊತ್ತಿಗೆ ಬಿಸಿಲು ಇಳಿದಿತ್ತು. ಅಷ್ಟು ಹೊತ್ತು ಹಿಟ್ಟು ಸುಮ್ಮನೆ ಮಲಗಿತ್ತು. ಹಿಟ್ಟಿಗೆ ಬೇಕಾದದ್ದೂ ಅದೇ ಎಂದು ಇಂದು ನಮ್ಮೂರಿನ ಯಾವ ಹೆಣ್ಣುಮಗಳನ್ನು ಕೇಳಿದರೂ ಹೇಳುತ್ತಾಳೆ.

ಆಕೆ ಒಂದು ತುದಿ ಹಿಡಿದಳು, ಬಾಳವ್ವ ತಾನಾಗಿ ಇನ್ನೊಂದು ತುದಿ ಹಿಡಿದಳು. ಎಳೆ ಹರಿಯಲಿಲ್ಲ. ಹೆಬ್ಬೆರಳಷ್ಟು ದಪ್ಪವಿದ್ದ ಹುರಿ ದಾರವಾಯಿತು, ದಾರ ನೂಲಾಯಿತು, ನೂಲು ಗಾಳಿಗೆ ತೂಗಿಯೂ ತುಂಡಾಗದೆ ಬಂಡೆಯ ಉದ್ದಕ್ಕೂ ಹರಿದಾಡಿ ಗೆರೆ ಗೆರೆಯಾಗಿ ಅಚ್ಚೊತ್ತಿತು. ಹಟ್ಟಿಯ ಹೆಂಗಸರೆಲ್ಲ ಓಡಿಬಂದು ಕೈಜೋಡಿಸಿದರು. ಸಿಕ್ಕ ಸಿಕ್ಕ ಕೋಲುಗಳ ಮೇಲೆಲ್ಲ ಹಾಕಿದರೂ ಎಳೆ ಮುಗಿಯದು. ಆಗ ಬಾಳವ್ವ, ಹೇರಿದ ಗಾಡಿಯ ಪಕ್ಕದಲ್ಲಿ ಎತ್ತಿನ ಹಗ್ಗ ಹಿಡಿದು ನಿಂತಿದ್ದ ಮಗನತ್ತ ತಿರುಗಿದಳು.

“ಭರಮ್ಯಾ, ಗಾಡಿ ಹೂಡಬ್ಯಾಡ. ನೊಗ ಬಿಚ್ಚಿಕೊಂಡ ಬಾ, ಎಳಿ ಹಾಕಾಕ ಕೋಲ ಸಾಲವಲ್ಲವು.”

ಅವನು ತನ್ನ ಗಾಡಿಯ ನೊಗ ಬಿಚ್ಚಿದ. ಅದೂ ಸಾಲದಾಗಿ ಪಕ್ಕದವನು ಬಿಚ್ಚಿದ, ಅವನನ್ನು ಕಂಡು ಮತ್ತೊಬ್ಬನು ಬಿಚ್ಚಿದ. ಹೊತ್ತು ಮುಳುಗುವ ಮುನ್ನ ಹಟ್ಟಿಯ ಗಾಡಿಗಳೆಲ್ಲ ಮೂಕಿ ನೆಲಕ್ಕೂರಿದ್ದವು, ನೊಗಗಳ ತುಂಬ ಶಾವಿಗೆ ತೂಗುತ್ತಿತ್ತು. ಬೆಲ್ಲ ಹಾಲುಗಳೊಡನೆ ಬೆಂದ ಆ ಅಖಂಡಾನ್ನವನ್ನು ಮಹರ್ಷಿಗಳು ಒಂದು ತುದಿಯಿಂದ ಆರಂಭಿಸಿ ಕಣ್ಣುಮುಚ್ಚಿ ಸ್ವೀಕರಿಸಿದರು. ಗೋಧಿ ಕುಟ್ಟಿದಾಗಲೇ ಮುರಿಯಿತಲ್ಲ ಎನ್ನುವ ಜಾಣರು ಆಗಲೂ ಇದ್ದರು; ಪುಡಿಯಾದದ್ದು ಕೂಡಿ ಮತ್ತೆ ಒಂದಾದರೆ ಮುರಿದದ್ದಲ್ಲವೆಂದು ಮಹರ್ಷಿಗಳೇ ಅಪ್ಪಣೆ ಕೊಡಿಸಿ ಅವರ ಬಾಯಿ ಮುಚ್ಚಿಸಿದರು.

ಆ ಕ್ಷಣದಲ್ಲಿ ಶಿಲಾಗರ್ಭದಿಂದ ಮೇಘಗಂಭೀರವಾದ ವಾಣಿಯೊಂದು ಹೊಮ್ಮಿತು: “ಎಲೌ ದುಂಡವ್ವೆ, ನದೀಜಲದ ಮಾಧುರ್ಯವನ್ನು ಬಯಸಿ ನಿನ್ನವರು ತ್ಯಜಿಸಹೊರಟ ಈ ಲವಣಜಲವೇ ನನ್ನ ಶರೀರವು. ಹಿಟ್ಟನ್ನು ಹಿಡಿದು ನಿಲ್ಲಿಸಿದವಳು ನಾನು. ನಿನ್ನ ಶಿಶುವು ನನ್ನ ಮಡಿಲಲ್ಲಿ ಮಲಗಿರುವುದು. ಈ ನೀರಿನಲ್ಲಿ ನಾದಿದ ಎಳೆಯು ತುಂಡಾಗದಿರುವ ತನಕ ನಾನು ಇಲ್ಲಿಂದ ಕದಲೆನು.” ದುಂಡವ್ವ ಸಂತೋಷದಿಂದ ಅತ್ತಳು.

ಯಾತ್ರಿಕರು ಇಂದಿಗೂ ಎಳೆಬಂಡೆಯ ಮೇಲಿನ ಆ ಗೆರೆಗಳನ್ನು ಕೈಯಾರೆ ಮುಟ್ಟಿ ನೋಡಬಹುದು. ಅಕ್ಷಯ ತದಿಗೆಯಂದು ತಂತೂರಿನಲ್ಲಿ ಯಾರೂ ಗಾಡಿ ಹೂಡುವುದಿಲ್ಲ. ನೊಗಗಳನ್ನು ತೊಳೆದು, ಅರಿಸಿನ ಹಚ್ಚಿ, ಗುಡಿಯ ಮುಂದೆ ಶಾವಿಗೆ ಹರವುತ್ತಾರೆ. ಸಮುದ್ರದಾಚೆ ಜಪಾನು ದೇಶದಲ್ಲಿಯೂ ಗೋಧಿಹಿಟ್ಟನ್ನು ಉಪ್ಪುನೀರಿನಲ್ಲಿ ನಾದಿ, ಮಲಗಿಸಿ, ಕೈಯಿಂದಲೇ ನೂಲಿನಂತೆ ಎಳೆಯುವ ಊರುಗಳುಂಟೆಂದು ಬಲ್ಲವರು ಹೇಳುತ್ತಾರೆ. ಅವರ ಕೈಗಳಿಗೆ ನಮ್ಮ ನಮಸ್ಕಾರ. ಅವರ ದೇವಿಯೂ ನಮ್ಮವ್ವನ ಅಕ್ಕತಂಗಿಯೇ ಇರಬೇಕು. ಈಗ ನಮ್ಮ ಮನೆಮನೆಗೂ ನಳದಲ್ಲಿ ನದಿಯ ಸಿಹಿನೀರು ಬರುತ್ತದೆ. ಕುಡಿಯಲು ಅದು, ಬೇಳೆಗೆ ಅದು. ಶಾವಿಗೆಗೆ ಮಾತ್ರ ಹೊಂಡದ್ದೇ.

ಎಳೆ ಇನ್ನೂ ತುಂಡಾಗಿಲ್ಲ. ನಾವೂ ಇಲ್ಲಿಯೇ ಇದ್ದೇವೆ.