ಕತ್ತರಿಸಿ ಎಸೆದ ನಲವತ್ತೇಳು ನಿಮಿಷ

ಒಂದು ತಾಲ್ಲೂಕು ಪಟ್ಟಣದಲ್ಲಿ ವೃಷಭೇಂದ್ರ ಎಂಬ ಕಂಪ್ಯೂಟರ್ ಮೇಷ್ಟ್ರಿದ್ದ. ಮನೆಯ ಮಹಡಿಯ ಕೋಣೆಯಲ್ಲಿ ಕೂತು, ಕಚೇರಿ ಕೆಲಸಕ್ಕೆ ಬೇಕಾದ ಕಂಪ್ಯೂಟರ್ ಪಾಠಗಳನ್ನು ಕನ್ನಡದಲ್ಲಿ ಹೇಳಿ ವಿಡಿಯೊ ಮಾಡುತ್ತಿದ್ದ. ಅವನ ಚಾನೆಲ್ಲಿನ ಹೆಸರು ‘ಸುಲಭ ಗಣಕ’. ಪ್ರತಿ ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ಒಂದು ಪಾಠ. ಐದು ವರ್ಷದಲ್ಲಿ ಒಂದು ವಾರವೂ ತಪ್ಪಿರಲಿಲ್ಲ, ಒಂದು ನಿಮಿಷವೂ ತಡವಾಗಿರಲಿಲ್ಲ. ಅಷ್ಟರ ಮಟ್ಟಿಗೆ ಮೆಚ್ಚಬೇಕಾದ ಮನುಷ್ಯನೇ.

ಪಾಠ ಶುರು ಮಾಡುವ ಮುಂಚೆ ಅವನು ಕ್ಯಾಮೆರಾದ ಮುಂದೆಯೇ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿ ಹಾಕಿಕೊಳ್ಳುತ್ತಿದ್ದ. ಎರಡು ಸಲ ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಕೊನೆಯಲ್ಲಿ ಎರಡೂ ಕೈ ಚಾಚಿ, "ನೋಡಿ, ಎಷ್ಟು ಸುಲಭ" ಅನ್ನುತ್ತಿದ್ದ. ಜನ ಅವನಿಗೆ ‘ತಪ್ಪೇ ಮಾಡದ ಮೇಷ್ಟ್ರು’ ಎಂದು ಹೆಸರಿಟ್ಟಿದ್ದರು. ಅವನು ತಪ್ಪು ಮಾಡುತ್ತಿರಲಿಲ್ಲ ಎಂದಲ್ಲ. ಮಾಡಿದ್ದನ್ನು ಕತ್ತರಿಸಿ ಎಸೆಯುತ್ತಿದ್ದ.

ಒಂದು ಭಾನುವಾರ ಅವನು ಪತ್ರಗಳ ಪಾಠ ತೆಗೆದುಕೊಂಡ. ಪತ್ರ ಒಂದೇ, ಕಳಿಸಬೇಕಾದ ಹೆಸರು ನೂರು. ಹೆಸರಿನ ಪಟ್ಟಿಯನ್ನು ಪತ್ರಕ್ಕೆ ಜೋಡಿಸಿದರೆ ಕಂಪ್ಯೂಟರು ತಾನೇ ಒಂದೊಂದು ಹೆಸರಿಗೆ ಒಂದೊಂದು ಪತ್ರ ಮಾಡಿ ಕೊಡುತ್ತದೆ. ಎಲ್ಲ ಕಚೇರಿಗೂ ಬೇಕಾದ ಕೆಲಸ. ವೃಷಭೇಂದ್ರ ಪಟ್ಟಿ ಜೋಡಿಸಿದ, ಗುಂಡಿ ಒತ್ತಿದ. ಪತ್ರಗಳು ಬಂದವು. ಆದರೆ ಹೆಸರಿರಬೇಕಾದ ಜಾಗದಲ್ಲಿ ಹೆಸರಿರಲಿಲ್ಲ. ಅರ್ಧ ಇಂಗ್ಲಿಷ್ ಅಕ್ಷರ, ಅರ್ಧ ಚುಕ್ಕಿ ಗೆರೆ, ಯಾವ ಭಾಷೆಯದೂ ಅಲ್ಲದ ಸಾಲುಗಳು. ನೂರು ಪತ್ರದಲ್ಲೂ ಒಬ್ಬ ಮನುಷ್ಯನ ಹೆಸರೂ ಓದಲು ಬರುತ್ತಿರಲಿಲ್ಲ.

ಅವನು ಅದು ಮಾಡಿದ, ಇದು ಮಾಡಿದ. ಮುಚ್ಚಿ ತೆರೆದ. ಐದಾರು ಕಡೆ ಏನೇನೋ ಬದಲಿಸಿದ. ಕೊನೆಗೆ ಯಾವುದರಿಂದಲೋ ಸರಿಹೋಯಿತು. ಯಾವುದರಿಂದ ಎಂದು ತಿಳಿದುಕೊಳ್ಳಲು ಅವನು ನಿಲ್ಲಲಿಲ್ಲ, ಹನ್ನೆರಡು ಗಂಟೆ ಹತ್ತಿರ ಬರುತ್ತಿತ್ತು. ಒದ್ದಾಡಿದ್ದಷ್ಟನ್ನೂ ಕತ್ತರಿಸಿದ. ಹಿಂದಿನ ತುದಿಗೆ ಮುಂದಿನ ತುದಿ ಅಂಟಿಸಿದ. ಗುಂಡಿ ಒತ್ತಿದ ತಕ್ಷಣ ಹೆಸರುಗಳು ಚೆಂದವಾಗಿ ಬಂದಂತೆ ಕಾಣಿಸಿತು. ತಾನು ಬಳಸಿದ ಪಟ್ಟಿಯನ್ನೂ ನೋಡುಗರ ಅಭ್ಯಾಸಕ್ಕೆಂದು ವಿಡಿಯೊದ ಕೆಳಗೆ ಹಾಕಿದ. ಕತ್ತರಿಸಿದ್ದನ್ನು ಆವತ್ತೇ ಅಳಿಸಿಬಿಟ್ಟ.

ಆ ಪಾಠ ಉಳಿದೆಲ್ಲದಕ್ಕಿಂತ ಹೆಚ್ಚು ಓಡಿತು. ಚಂದಾದಾರರು ಒಂದು ಲಕ್ಷದ ಹತ್ತಿರ ಬಂದರು.

ಒಂದು ತಿಂಗಳಾದ ಮೇಲೆ ಆ ವಿಡಿಯೊದ ಕೆಳಗೆ ಒಂದು ಮಾತು ಬಂತು. ‘ಸರ್, ನೀವು ಮಾಡಿದ ಹಾಗೆಯೇ ಮಾಡಿದೆವು. ಏಳು ನಿಮಿಷ ನಲವತ್ತೆರಡು ಸೆಕೆಂಡಿನ ನಂತರ ಬರುತ್ತಿಲ್ಲ.’ ಅವನು ಕತ್ತರಿಸಿದ್ದು ಸರಿಯಾಗಿ ಅಲ್ಲೇ. ಅಳಿಸಿದ. ಮರುದಿನ ಅದೇ ಮಾತು, ಬೇರೆ ಹೆಸರಿನಿಂದ. ಅಳಿಸಿದ. ಆಮೇಲೆ ಒಂದಲ್ಲ, ಹತ್ತಲ್ಲ, ಇಪ್ಪತ್ತು ಇಪ್ಪತ್ತೈದು ಬರತೊಡಗಿದವು. ಎಲ್ಲದರಲ್ಲೂ ಅದೇ ವಾಕ್ಯ. ಬರುತ್ತಿದ್ದದ್ದು ದಿನಾ ಮಧ್ಯಾಹ್ನ ಹನ್ನೆರಡೂವರೆಗೆ, ಒಂದೆರಡು ನಿಮಿಷದ ಒಳಗೆ. ಭಾನುವಾರ ಮಾತ್ರ ಬರುತ್ತಿರಲಿಲ್ಲ. ಹನ್ನೆರಡೂಕಾಲು ಆದರೆ ಸಾಕು, ವೃಷಭೇಂದ್ರ ಅನ್ನದ ತಟ್ಟೆ ಪಕ್ಕಕ್ಕೆ ಸರಿಸಿ ಫೋನು ಕೈಗೆ ತೆಗೆದುಕೊಳ್ಳುತ್ತಿದ್ದ. ಒಂದೊಂದಾಗಿ ಅಳಿಸುತ್ತಿದ್ದ.

"ಯಾರ್ರೀ ಅದು?" ಎಂದು ಹೆಂಡತಿ ದಾಕ್ಷಾಯಣಿ ಕೇಳಿದಳು.

"ಹೊಟ್ಟೆಕಿಚ್ಚಿನವರು. ಕೆಲಸ ಇಲ್ಲ ಅವರಿಗೆ."

"ಹೊಟ್ಟೆಕಿಚ್ಚಿನವರು ಊಟದ ಹೊತ್ತಿಗೆ ಹಾಜರಿ ಹಾಕ್ತಾರಾ? ಇಷ್ಟು ಜನ ಒಂದೇ ಮಾತು ಹೇಳ್ತಾರೆ ಅಂದ್ರೆ ಒಂದ್ಸಲ ಏನು ಅಂತ ಕೇಳಬಾರದಾ?"

ಅವನು ಕೇಳಲಿಲ್ಲ. ಕೇಳಿದರೆ ಉತ್ತರ ಹೇಳಬೇಕಾಗುತ್ತದೆ. ಉತ್ತರ ಅವನಿಗೆ ಗೊತ್ತಿರಲಿಲ್ಲ.

ಆ ಹೊತ್ತಿಗೆ ದೂರದ ಪಟ್ಟಣವೊಂದರ ತರಬೇತಿ ಕೇಂದ್ರದಿಂದ ಆಹ್ವಾನ ಬಂತು. ಅಲ್ಲಿ ಇಪ್ಪತ್ತಾರು ಹೆಂಗಸರು ಅವನ ವಿಡಿಯೊ ನೋಡಿಯೇ ಕಂಪ್ಯೂಟರ್ ಕಲಿಯುತ್ತಿದ್ದರು. ಸೋಮವಾರ ಅವರಿಗೆ ಪರೀಕ್ಷೆ, ಕಚೇರಿ ಸಹಾಯಕಿಯರ ಹತ್ತು ಹುದ್ದೆಗೆ. ಪಟ್ಟಿ ಕೊಡುತ್ತಾರೆ, ಪತ್ರಗಳನ್ನು ತೆಗೆದು ತೋರಿಸಬೇಕು. ಅದಕ್ಕೆ ಮುಂಚೆ ಶನಿವಾರ ಗುರುಗಳಿಗೆ ಒಂದು ಸನ್ಮಾನ ಮಾಡಿ ಆಶೀರ್ವಾದ ಪಡೆಯಬೇಕು ಎಂದು ಕೇಂದ್ರ ನಡೆಸುವ ಓಂಕಾರಪ್ಪ ಬರೆದಿದ್ದ. ಸನ್ಮಾನವನ್ನು ಚಾನೆಲ್ಲಿನಲ್ಲಿ ನೇರವಾಗಿ ತೋರಿಸಿದರೆ ಲಕ್ಷ ದಾಟುತ್ತದೆ ಎಂದು ಲೆಕ್ಕ ಹಾಕಿ ವೃಷಭೇಂದ್ರ ಒಪ್ಪಿಕೊಂಡ.

ಕಾರ್ಯಕ್ರಮ ಒಂದು ಗಂಟೆಗೆ. ಅವನು ಹನ್ನೆರಡೂ ಹತ್ತಕ್ಕೇ ತಲುಪಿದ. ಕೇಂದ್ರವಿದ್ದದ್ದು ಹಳೆಯ ಹತ್ತಿ ಗೋದಾಮಿನಲ್ಲಿ. ಹೊರಗೆ ಸುಡುವ ಬಿಸಿಲು. ಬಾಗಿಲು ತೆರೆದೇ ಇತ್ತು. ಇಪ್ಪತ್ತಾರು ಜನರ ತರಗತಿ ಅಂದರೆ ಎಷ್ಟು ಗದ್ದಲ ಇರಬೇಕು. ಒಳಗಿನಿಂದ ಒಂದು ಸದ್ದೂ ಬರಲಿಲ್ಲ.

ಒಳಗೆ ಕಾಲಿಟ್ಟವನು ಅಲ್ಲೇ ನಿಂತ.

ಇಪ್ಪತ್ತಾರು ಹೆಂಗಸರು ಇಪ್ಪತ್ತಾರು ಕಂಪ್ಯೂಟರಿನ ಮುಂದೆ ಕೂತಿದ್ದರು. ಬೆನ್ನು ನೆಟ್ಟಗೆ, ಕೈ ಎರಡೂ ತೊಡೆಯ ಮೇಲೆ. ಯಾರೂ ಅಲುಗಾಡುತ್ತಿರಲಿಲ್ಲ. ಒಬ್ಬಳ ಕೆನ್ನೆಯ ಮೇಲೆ ನೊಣ ನಡೆಯುತ್ತಿತ್ತು, ಅವಳು ಕೈ ಎತ್ತಲಿಲ್ಲ. ಪ್ರತಿಯೊಂದು ಪರದೆಯಲ್ಲೂ ಅವನದೇ ಮುಖ, ಬಾಯಿ ಅರ್ಧ ತೆರೆದುಕೊಂಡು ನಿಂತಿತ್ತು. ಇಪ್ಪತ್ತಾರು ವೃಷಭೇಂದ್ರರು ಅವನನ್ನೇ ನೋಡುತ್ತಿದ್ದರು.

ಓಂಕಾರಪ್ಪ ತುದಿಗಾಲಲ್ಲಿ ಬಂದು ಕಿವಿಯ ಹತ್ತಿರ ಪಿಸುಗುಟ್ಟಿದ. "ಇನ್ನು ಹತ್ತೊಂಬತ್ತು ನಿಮಿಷ ಇದೆ ಸರ್. ಮಾತಾಡಿದ್ರೆ ಕೆಡ್ತದೆ."

"ಏನು ಕೆಡುತ್ತೆ?"

ಓಂಕಾರಪ್ಪ ತುಟಿಯ ಮೇಲೆ ಬೆರಳಿಟ್ಟ.

ವೃಷಭೇಂದ್ರ ಬಾಗಿಲಿಗೆ ಒರಗಿ ನಿಂತ. ಬೆವರು ಕುತ್ತಿಗೆಯಿಂದ ಇಳಿಯುತ್ತಿತ್ತು. ಒರೆಸಿಕೊಳ್ಳಲು ಅವನಿಗೂ ಧೈರ್ಯ ಬರಲಿಲ್ಲ. ಹತ್ತೊಂಬತ್ತು ನಿಮಿಷ ಆದ ಮೇಲೆ ಓಂಕಾರಪ್ಪ ಚಪ್ಪಾಳೆ ಹೊಡೆದ. ಇಪ್ಪತ್ತಾರು ಕೈಗಳು ಒಟ್ಟಿಗೆ ಮೇಲೆದ್ದು ಮೂಗಿನ ಮೇಲ್ಭಾಗ ಮುಟ್ಟಿದವು, ಸೆರಗಿನ ತುದಿ ತಿಕ್ಕಿದವು. ಕನ್ನಡಕ ಯಾರಿಗೂ ಇರಲಿಲ್ಲ. ಇಪ್ಪತ್ತಾರು ಗಂಟಲು ಎರಡೆರಡು ಸಲ ಕೆಮ್ಮಿದವು. ಆಮೇಲೆ ಎಲ್ಲ ಪರದೆಯಿಂದಲೂ ಅವನ ದನಿ ಒಟ್ಟಿಗೆ ಹೊರಟಿತು. "ನೋಡಿ, ಎಷ್ಟು ಸುಲಭ."

ಹೆಂಗಸರು ವಿಡಿಯೊ ಸರಿಸಿ ತಮ್ಮ ಪತ್ರಗಳನ್ನು ನೋಡಿದರು. ಅವೇ ಚುಕ್ಕಿ, ಅವೇ ಗೆರೆ, ಯಾರದೂ ಅಲ್ಲದ ಹೆಸರು.

"ಇವತ್ತೂ ಬರಲಿಲ್ಲ," ಎಂದಳು ಮುಂದಿನ ಸಾಲಿನ ತಿಪ್ಪಮ್ಮ. ನಲವತ್ತು ದಾಟಿದ ಹೆಂಗಸು. "ಯಾರು ಅಲುಗಾಡಿದ್ದು, ಹೇಳಿಬಿಡ್ರಿ."

"ನಾನಲ್ಲವ್ವ," "ನಾನೂ ಅಲ್ಲ," ಎಂದು ಹಿಂದಿನಿಂದ ದನಿಗಳು. ಆಗಲೇ ಕೆಲವರು ಫೋನು ತೆಗೆದು ಟೈಪು ಮಾಡತೊಡಗಿದ್ದರು. ವೃಷಭೇಂದ್ರನ ಜೇಬಿನಲ್ಲಿ ಅವನ ಫೋನು ನಡುಗಿತು. ಮತ್ತೆ ನಡುಗಿತು. ಗಂಟೆ ಹನ್ನೆರಡೂವರೆ.

"ಇದೆಲ್ಲ ಏನು?" ಎಂದು ಅವನು ಕೇಳಿದ. ದನಿ ತನ್ನದಲ್ಲ ಅನ್ನಿಸಿತು.

ಆಗ ಅವರು ಅವನನ್ನು ನೋಡಿದರು. ತಿಪ್ಪಮ್ಮ ಎದ್ದು ನಿಂತು ಕೈಮುಗಿದಳು. "ಸರ್, ನಿಮ್ಮ ವಿಡಿಯೊದಾಗೆ ಮೂಲೆಯಲ್ಲಿ ಗಡಿಯಾರ ಕಾಣ್ತದಲ್ಲ. ಏಳು ನಿಮಿಷ ನಲವತ್ತೆರಡು ಸೆಕೆಂಡಿಗೆ ಹತ್ತು ಗಂಟೆ ಒಂಬತ್ತು ನಿಮಿಷ. ಮುಂದಿನ ಸೆಕೆಂಡಿಗೆ ಹತ್ತು ಐವತ್ತಾರು. ನಡುವೆ ನಲವತ್ತೇಳು ನಿಮಿಷ ನೀವು ಏನೂ ಮಾಡಿಲ್ಲ. ಅಂದ್ರೆ ಸುಮ್ನೆ ಕೂತಿದ್ರಿ. ಅದಕ್ಕೇ ನಾವೂ ಕೂರ್ತೀವಿ. ಮೂರು ವಾರ ಆಯ್ತು. ಕಾಲು ಅಲುಗಾಡಿಸೋ ಅಭ್ಯಾಸ ಇತ್ತು ಅಂತ ಒಬ್ಬಾಕೀನ ಬಿಡಿಸಿ ಕಳಿಸಿದ್ವಿ. ಆದ್ರೂ ಬರ್ತಿಲ್ಲ."

"ನನ್ನನ್ನು ಕೇಳಬಹುದಿತ್ತಲ್ಲ."

"ದಿನಾ ಬರೀತೀವಿ ಸರ್. ಬರೆದದ್ದು ಮಾಯ ಆಗ್ತದೆ. ತಪ್ಪು ನಮ್ಮದೇ ಅಂತ ನೀವು ಹಂಗೆ ತಿಳಿಸ್ತಿದ್ದೀರಿ ಅಂದ್ಕೊಂಡ್ವಿ."

ಓಂಕಾರಪ್ಪ ಶಾಲು, ಹಾರ, ಫಲಕ ತಂದಿಟ್ಟ. ವೃಷಭೇಂದ್ರನ ಇನ್ನೊಂದು ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ನೇರ ಪ್ರಸಾರ ಶುರು ಮಾಡಿದ. ಎಂಟುನೂರು ಜನ ನೋಡುತ್ತಿದ್ದರು. ಹೆಸರು ಉಳಿಸಿಕೊಳ್ಳಲು ಒಂದು ಸುಳ್ಳು ಸಾಕಿತ್ತು. ಅದು ನಾಲಿಗೆಯ ತುದಿಯಲ್ಲೇ ಇತ್ತು.

"ನಿಮ್ಮ ಕಂಪ್ಯೂಟರುಗಳು ಸ್ವಲ್ಪ ಹಳೆಯವು," ಎಂದ ವೃಷಭೇಂದ್ರ. "ಅದಕ್ಕೇ ಹೀಗೆ."

ಯಾರ ಮುಖದಲ್ಲೂ ಅನುಮಾನ ಇರಲಿಲ್ಲ. ಇಪ್ಪತ್ತಾರು ಪುಸ್ತಕ ತೆರೆದುಕೊಂಡವು, ಇಪ್ಪತ್ತಾರು ಪೆನ್ನು ಅದನ್ನೂ ಬರೆದುಕೊಂಡವು. ತಿಪ್ಪಮ್ಮ ತಲೆಯೆತ್ತಿ ಕೇಳಿದಳು. "ಹಂಗಾದ್ರೆ ಹಳೇ ಕಂಪ್ಯೂಟರಿಗೆ ಎಷ್ಟು ಹೊತ್ತು ಕೂರಬೇಕು ಸರ್? ಎರಡು ತಾಸು ಸಾಕಾ? ಇವತ್ತು, ನಾಳೆ ಎರಡು ದಿನ ಇದೆ. ನಾವು ಕೂರ್ತೀವಿ."

ಅವಳು ಹೇಳಿ ಮುಗಿಸುವ ಮೊದಲೇ ಹಿಂದಿನ ಸಾಲಿನವರು ಕೈಗಳನ್ನು ತೊಡೆಯ ಮೇಲಿಟ್ಟು ಬೆನ್ನು ನೆಟ್ಟಗೆ ಮಾಡಿದ್ದರು.

ತಾನು ಸಾಯುವವರೆಗೂ ಇವರು ಹೀಗೇ ಕೂತಿರುತ್ತಾರೆ, ಸತ್ತ ಮೇಲೂ ತನ್ನ ಮುಖದ ಮುಂದೆ ಕೂತಿರುತ್ತಾರೆ ಎಂದು ವೃಷಭೇಂದ್ರನಿಗೆ ಅನ್ನಿಸಿತು. ಅವನು ಕುತ್ತಿಗೆಗೆ ಹಾಕಲು ಬಂದ ಹಾರವನ್ನು ಕೈಯಿಂದ ತಡೆದ.

"ಕೂರಬೇಡಿ," ಎಂದ. "ಆ ನಲವತ್ತೇಳು ನಿಮಿಷ ನಾನು ಕೂತಿರಲಿಲ್ಲ. ಒದ್ದಾಡುತ್ತಿದ್ದೆ. ನನಗೂ ಇದೇ ಚುಕ್ಕಿ ಗೆರೆ ಬಂದಿತ್ತು. ನಿಮಗೆ ಕಾಣಬಾರದು ಅಂತ ಕತ್ತರಿಸಿದೆ. ಈಗ ಸುಳ್ಳು ಹೇಳಿದೆ. ನಿಮ್ಮ ಕಂಪ್ಯೂಟರು ಸರಿಯಾಗಿದೆ. ನೀವು ಬರೆದದ್ದನ್ನು ಅಳಿಸಿದವನೂ ನಾನೇ."

ತಿಪ್ಪಮ್ಮ ಪುಸ್ತಕ ಕೆಳಗಿಟ್ಟು ಕೇಳಿದಳು. "ಹಂಗಾದ್ರೆ ಸರಿ ಮಾಡಿದ್ದು ಹೆಂಗೆ?"

"ಅದು ನನಗೆ ಗೊತ್ತಿಲ್ಲಮ್ಮ."

ಅವನು ಅವಳ ಕುರ್ಚಿಯಲ್ಲಿ ಕೂತ. ಇಪ್ಪತ್ತಾರು ಜನ ಸುತ್ತ ನಿಂತರು. ಅವನು ಪಟ್ಟಿ ಮತ್ತೆ ಜೋಡಿಸಿದ, ಬರಲಿಲ್ಲ. ಪಟ್ಟಿಯನ್ನೇ ಹೊಸದಾಗಿ ಉಳಿಸಿದ, ಬರಲಿಲ್ಲ. ಪ್ರಸಾರ ನೋಡುತ್ತಿದ್ದವರು ನಗುವ ಮುಖಗಳನ್ನು ಕಳಿಸುತ್ತಿದ್ದರು.

"ಸರ್, ಇದು ಎಷ್ಟನೇ ಹೆಜ್ಜೆ?" ಎಂದು ಒಬ್ಬಳು ಕೇಳಿದಳು.

"ಇದು ಹೆಜ್ಜೆ ಅಲ್ಲ, ತಪ್ಪು."

"ಬರ್ಕೊಳ್ಳಲಾ?"

"ಬರ್ಕೊಳ್ಳಿ."

ಅರ್ಧ ಗಂಟೆ ಕಳೆದಿರಬೇಕು. ತಿಪ್ಪಮ್ಮ ಪರದೆಯತ್ತ ಬೆರಳು ಮಾಡಿದಳು. "ಸರ್, ಪಟ್ಟಿ ಒಳಗೆ ಅಕ್ಷರದ ನಮೂನೆ, ಫಾಂಟು ಅಂತಾರಲ್ಲ, ಒಂದು ತೋರಿಸ್ತದೆ, ಹಳೇ ಕಾಲದ ಕನ್ನಡ ಟೈಪಿಂಗಿಂದು. ಪತ್ರದಾಗೆ ಹೆಸರಿನ ಜಾಗದಲ್ಲಿ ಇಂಗ್ಲಿಷಿನ ನಮೂನೆ ತೋರಿಸ್ತದೆ. ಅದು ಹಂಗೇ ಇರಬೇಕಾ?"

ಅವನ ಕೈ ನಿಂತಿತು. ಹೆಸರಿನ ಜಾಗವನ್ನು ಆರಿಸಿ, ಪಟ್ಟಿಯಲ್ಲಿದ್ದ ಅದೇ ಅಕ್ಷರದ ನಮೂನೆ ಕೊಟ್ಟ. ಎರಡು ಸೆಕೆಂಡಿನ ಕೆಲಸ. ಚುಕ್ಕಿ ಗೆರೆಗಳು ಹೋದವು. ಮನುಷ್ಯರ ಹೆಸರುಗಳು ಒಂದರ ಕೆಳಗೊಂದು ಎದ್ದು ನಿಂತವು.

"ಇದು ನಿಮಗೆ ಯಾವಾಗ ಕಾಣಿಸಿತು?"

"ಮೊದಲ ದಿನವೇ ಸರ್. ನೀವು ಮಾಡಿ ತೋರಿಸಿಲ್ಲ ಅಂತ ಮುಟ್ಟಲಿಲ್ಲ."

ಸೋಮವಾರ ಇಪ್ಪತ್ತಾರು ಜನರೂ ಪತ್ರಗಳನ್ನು ತೆಗೆದರು. ಹತ್ತು ಹುದ್ದೆಯಲ್ಲಿ ಆರು ಅವರ ಪಾಲಾದವು, ಒಂದು ತಿಪ್ಪಮ್ಮನದು. ವೃಷಭೇಂದ್ರನಿಗೆ ಲಕ್ಷ ಆಗಲಿಲ್ಲ. ಎಂಟು ಸಾವಿರ ಜನ ಬಿಟ್ಟುಹೋದರು. ಅವನು ಹಳೆಯ ಪಾಠವನ್ನು ತೆಗೆದುಹಾಕಿ ಹೊಸದು ಮಾಡಿದ. ತಪ್ಪುಗಳೆಲ್ಲ ಅದರಲ್ಲೇ ಇದ್ದವು. ಒಂದು ಗಂಟೆ ಹತ್ತು ನಿಮಿಷದ ಆ ವಿಡಿಯೊ ನೋಡುವ ತಾಳ್ಮೆ ಬಹಳ ಜನರಿಗೆ ಇರಲಿಲ್ಲ.

ಆದರೆ ಹಳೆಯದು ಅಷ್ಟರಲ್ಲಿ ಅವನ ಕೈ ಬಿಟ್ಟಿತ್ತು. ಯಾರೋ ಇಳಿಸಿಕೊಂಡಿದ್ದರು, ಪೆನ್‌ಡ್ರೈವಿಗೆ ಹಾಕಿ ಹಂಚಿದ್ದರು, ಫೋನಿನಿಂದ ಫೋನಿಗೆ ಕಳಿಸಿದ್ದರು. ಒಂದು ವರ್ಷವಾದ ಮೇಲೆ ಒಂದು ಮಧ್ಯಾಹ್ನ, ಅವನು ಹೆಸರೂ ಕೇಳಿರದ ಊರಿನಿಂದ ಫೋನು ಬಂತು. ಗಂಡಸಿನ ದನಿ, ಬಹಳ ಮೆಲ್ಲಗೆ.

"ಮೇಷ್ಟ್ರೇ, ನಮ್ಮಲ್ಲಿ ಒಂದು ಸಂದೇಹ ಬಂದಿದೆ. ಆ ನಲವತ್ತೇಳು ನಿಮಿಷ ಕಣ್ಣು ಮುಚ್ಚಿ ಕೂರಬೇಕೋ, ತೆರೆದು ಕೂರಬೇಕೋ?"

ವೃಷಭೇಂದ್ರ ಕುರ್ಚಿಯಿಂದ ಎದ್ದ. "ಎಷ್ಟು ಜನ ಇದ್ದೀರಿ ಅಲ್ಲಿ? ಯಾರೂ ಕೂರಬೇಡಿ, ಕೇಳಿಸ್ತಾ? ಯಾರೂ ಕೂರಬೇಡಿ."

"ಸ್ವಲ್ಪ ಮೆಲ್ಲಗೆ ಮಾತಾಡಿ ಮೇಷ್ಟ್ರೇ," ಎಂದಿತು ಆ ದನಿ. "ಅರವತ್ತು ಜನ ಈಗ ಕೂತಿದ್ದಾರೆ."

ನೀತಿ: ಕಲಿಸುವವನು ಮುಚ್ಚಿಟ್ಟ ತಪ್ಪು ಅಳಿದುಹೋಗುವುದಿಲ್ಲ. ಅದು ನಂಬಿ ಕಲಿಯುವವರ ಪಾಠವಾಗಿಬಿಡುತ್ತದೆ, ಮತ್ತು ಹಾಗೆ ಹೋದದ್ದನ್ನು ಪೂರ್ತಿ ಹಿಂದಕ್ಕೆ ತರಲು ಯಾರಿಂದಲೂ ಆಗುವುದಿಲ್ಲ. ಆದ್ದರಿಂದ ಕಲಿಸುವಾಗ ಎಡವಿದರೆ ಎಡವಿದ್ದನ್ನೂ ತೋರಿಸಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ. ಕಲಿಯುವವರೂ ನೆನಪಿಡಿ: ಗುರು ತೋರಿಸಲಿಲ್ಲ ಎಂಬ ಕಾರಣಕ್ಕೆ, ನಿಮ್ಮ ಕಣ್ಣಿಗೆ ಕಂಡದ್ದನ್ನು ಮುಟ್ಟದೆ ಬಿಡಬೇಡಿ.