ಐರಣಿ ಗಡಿಗೆಯೂ ಬೂದಿ ಬೆನ್ನಿನ ನರಿಯೂ

ಎಲ್ಲರೂ ಹತ್ತಿರ ಬನ್ನಿ. ನಡುನಡುವೆ ಹೂಂಗುಟ್ಟಬೇಕು, ತೂಕಡಿಸಿದವರಿಗೆ ಕಥೆ ಇಲ್ಲ.

ಏಳು ಕೆರೆಗಳ ಒಂದು ರಾಜ್ಯ. ಆ ರಾಜ್ಯದಲ್ಲಿ ಮುದ್ದಪ್ಪ ಅಂತ ಒಬ್ಬ ಕುಂಬಾರ, ಅವನ ಹೆಂಡತಿ ಚೌಡವ್ವ. ಮುದ್ದಪ್ಪನ ಕೈಯಲ್ಲಿ ಒಳ್ಳೇ ಕಸುಬಿತ್ತು. ತಲೆ ಮಾತ್ರ ಗೊಂದಲದ ಗೂಡು. ಮಣ್ಣು ತುಳಿಯಲೋ, ತಿಗರಿ ತಿರುಗಿಸಲೋ, ಸೌದೆ ತರಲೋ ಅಂತ ಬೆಳಗ್ಗೆ ಅಂಗಳದಲ್ಲಿ ನಿಂತರೆ ಬಿಸಿಲು ನೆತ್ತಿಗೇರಿದರೂ ನಿಂತೇ ಇರ್ತಿದ್ದ.

ಒಂದು ದಿನ ರಾಜನ ಓಲೆಕಾರ ಬಂದ.

"ಮುದ್ದಪ್ಪ, ಇನ್ನು ಹನ್ನೆರಡು ದಿನಕ್ಕೆ ರಾಜಕುಮಾರಿ ಮದುವೆ. ಹನ್ನೊಂದು ಐರಣಿ ಗಡಿಗೆ ಬೇಕು. ತಪ್ಪಿದರೆ ನಿನ್ನ ಕೆರೆಮಣ್ಣಿನ ಹಕ್ಕು ಬೇರೆ ಕುಂಬಾರನಿಗೆ."

ಐರಣಿ ಗಡಿಗೆ ನೋಡಿದ್ದೀರಲ್ಲ? ಕುಂಬಾರನ ಮನೆಯಿಂದ ವಾಲಗದ ಜೊತೆ ತಂದು ಹಂದರದಲ್ಲಿ ಪೂಜೆಗಿಡೋ ಚಿತ್ತಾರದ ಗಡಿಗೆ. ಅದು ಬರದೆ ಮದುವೆ ನಡೆಯಲ್ಲ. ಮಣ್ಣಿನ ಹಕ್ಕು ಹೋದರೆ ಮುದ್ದಪ್ಪನ ಮನೇಲಿ ಒಲೆ ಉರಿಯಲ್ಲ.

ಗಡಿಗೆಗೂ ಒಂದು ಹಟ ಇದೆ ಕಣ್ರಪ್ಪ. ತಿಗರಿಯಿಂದ ಇಳಿಸಿ, ಅರ್ಧ ಒಣಗಿದಾಗಲೇ ಮರದ ಹಲಗೆಯಿಂದ ತಟ್ಟಿ ತಳ ಕೂಡಿಸಬೇಕು. ಹೊತ್ತು ಮೀರಿತೋ, ತಟ್ಟಿದ ಕಡೆಯೆಲ್ಲ ಬಿರುಕು.

ಮುದ್ದಪ್ಪ ಹನ್ನೊಂದು ಗಡಿಗೆ ಇಳಿಸಿದ. ಮಾರನೇ ದಿನ ತಟ್ಟೋಕೆ ಕೂತ. ಅಷ್ಟರಲ್ಲಿ ಬೇಲಿ ಹತ್ತಿರ ಒಂದು ನರಿ ಬಂತು.

"ಮುದ್ದಣ್ಣ, ಇಲ್ಲಿ ಟಪಟಪ ಅಂತ ಕೂತರೆ ಆಯ್ತಾ? ಮುಂದಿನ ಯೋಚನೆ ಬೇಡವಾ? ಒಳ್ಳೇ ಮಣ್ಣೆಲ್ಲ ಬೇರೆಯವರು ಹೊತ್ಕೊಂಡು ಹೋದಾರು."

ಹೌದಲ್ಲ, ತಟ್ಟಲೋ ಮಣ್ಣು ತರಲೋ? ಮುದ್ದಪ್ಪ ಹಲಗೆ ಬಿಟ್ಟ, ಕೆರೆಗೆ ಓಡಿದ. ಬರೋ ಹೊತ್ತಿಗೆ ಗಡಿಗೆ ಗಟ್ಟಿಯಾಗಿದ್ದವು. ತಟ್ಟಿದ, ಒಡೆದವು.

ಮತ್ತೆ ಹನ್ನೊಂದು ಇಳಿಸಿದ. ತಟ್ಟೋ ಹೊತ್ತಿಗೆ ಮತ್ತೆ ನರಿ.

"ಮುದ್ದಣ್ಣ, ನಾಲ್ಕು ಜನಕ್ಕೆ ಮುಖ ತೋರಿಸದಿದ್ದರೆ ಗಿರಾಕಿಗಳು ಮರೆತೇಬಿಡ್ತಾರೆ. ಇವತ್ತು ಸಂತೆ, ಹೋಗಿ ಕೂಗು."

ಹೌದಲ್ಲ, ತಟ್ಟಲೋ ಕೂಗಲೋ? ಓಡಿದ. ಸಂತೇಲಿ ಗಂಟಲು ಹರಿಯೋ ಹಾಗೆ ಕೂಗಿದ. ಮುಂದೆ ನೋಡಿದರೆ ಮಾರೋಕೆ ಒಂದು ಮುಚ್ಚಳವೂ ಇಲ್ಲ. ಮನೆಗೆ ಬಂದು ತಟ್ಟಿದ, ಒಡೆದವು.

ಮೂರನೇ ಸಲವೂ ಇಳಿಸಿದ. ನರಿ ಬಂತು.

"ಹಲಗೆ ಹಳೇದಾಯ್ತಲ್ಲ ಮುದ್ದಣ್ಣ. ಹೊಸದು ಕೆತ್ತು, ಕೆಲಸ ಸರಸರ ಸಾಗುತ್ತೆ."

ಹೌದಲ್ಲ, ತಟ್ಟಲೋ ಕೆತ್ತಲೋ? ದಿನವಿಡೀ ಕೆತ್ತಿದ. ಹಿಡಿಗೆ ಗಿಳಿ ಬೇರೆ ಕೆತ್ತಿದ. ಏನು ಚಂದದ ಹಲಗೆ ಅಂತೀರಿ, ತಟ್ಟೋಕೆ ಹಸಿ ಗಡಿಗೆ ಒಂದಿಲ್ಲ.

ಮುದ್ದಪ್ಪ ತಲೆ ಮೇಲೆ ಕೈ ಹೊತ್ತು ಕೂತ. "ಒಂದು ಗಳಿಗೆ ಸುಮ್ಮನೆ ಕೂತಿಲ್ಲ ಕಣೇ. ಆರು ದಿನ ದುಡಿದೆ. ಒಂದು ಗಡಿಗೆಯೂ ಆಗಲಿಲ್ಲ. ಹೇಗೆ ಅಂತ ನಂಗೇ ತಿಳೀತಿಲ್ಲ."

ಚೌಡವ್ವ ನರಿಯನ್ನ ಮೂರು ಸಲವೂ ನೋಡಿದ್ದಳು. ಮೂರು ಸಲವೂ ಅದರ ಬೆನ್ನಿಗೆ ಬೂದಿ ಮೆತ್ತಿತ್ತು. ಹಿತ್ತಲಿಗೆ ಹೋಗಿ ಆವಿಗೆಯಲ್ಲಿ, ಅದೇ ಗಡಿಗೆ ಸುಡೋ ಗೂಡಲ್ಲಿ, ಬಗ್ಗಿ ನೋಡಿದಳು. ಮೂರು ತಿಂಗಳಿಂದ ಬೆಂಕಿ ಕಾಣದ ಆವಿಗೆ. ಮೆತ್ತನೆ ಬೂದಿಯಲ್ಲಿ ನರಿ ಮಲಗಿದ ಗುರುತು, ಪಕ್ಕದಲ್ಲಿ ಕೋಳಿಪುಕ್ಕ.

"ಇದಾ ನಿನ್ನ ಸಂಗತಿ" ಅಂದ್ಕೊಂಡಳು. ಗಡಿಗೆ ಆಗದಿದ್ದರೆ ಆವಿಗೆ ಹೊತ್ತಲ್ಲ, ಆವಿಗೆ ಹೊತ್ತದಿದ್ದರೆ ನರಿಗೆ ಮನೆ ತಪ್ಪಲ್ಲ.

ಗಂಡನ ಹತ್ತಿರ ಬಂದಳು. "ಮಣ್ಣು ನಾಳೆ ತಂದರೆ ಕೆಡುತ್ತಾ?"

"ಇಲ್ಲ."

"ಸಂತೆಗೆ ಮುಂದಿನ ವಾರ ಹೋದರೆ?"

"ಕೆಡಲ್ಲ."

"ಗಡಿಗೆ ನಾಳೆ ತಟ್ಟಿದರೆ?"

ಮುದ್ದಪ್ಪ ಒಡೆದ ಚೂರುಗಳ ಕಡೆ ನೋಡಿದ. ಎದ್ದು ತಿಗರಿ ಮುಂದೆ ಕೂತ. ಮಾರನೇ ದಿನ ನರಿ ಬೇಲಿ ಹತ್ತಿರ ಎಷ್ಟು ಒದರಿದರೂ ಹನ್ನೊಂದನ್ನೂ ತಟ್ಟಿಯೇ ಎದ್ದ. ಗಡಿಗೆ ಒಣಗಿದವು.

ಇನ್ನು ಸುಡಬೇಕು. ಚೌಡವ್ವ ಆವಿಗೆ ಹತ್ತಿರ ಹೋಗಿ ಮೆಲ್ಲಗೆ ಕರೆದಳು.

"ನರಿಯಣ್ಣ, ಗಡಿಗೆ ಒಯ್ಯೋಕೆ ರಾಜನ ಕಡೆಯವರು ಬರ್ತಾರೆ. ಜೊತೇಲಿ ಬೇಟೆನಾಯಿಗಳೂ ಬರ್ತವಂತೆ. ಬೇರೆ ಬಿಲ ತೋಡ್ಕೋ ಮಾರಾಯ."

ನರಿ ಬೂದಿ ಕೊಡವಿಕೊಂಡು ಎದ್ದಿತು. "ಎಲ್ಲಿ ತೋಡಲಿ ಚೌಡಕ್ಕ?"

"ಕೆರೆ ಏರಿ ಮಣ್ಣು ಮೆತ್ತಗೆ. ಹುಣಸೆ ಬುಡ ಬೆಚ್ಚಗೆ. ಹುತ್ತದ ಪಕ್ಕ ಆದರೆ ನಾಯಿ ಸುಳಿಯಲ್ಲ. ಮೂರೂ ಒಳ್ಳೇ ಜಾಗ, ಯೋಚನೆ ಮಾಡು."

ನರಿ ಏರಿಗೆ ಓಡಿತು, ಗೇಣುದ್ದ ತೋಡಿತು. ಹುಣಸೆ ಬುಡವೇ ವಾಸಿ ಅನ್ನಿಸಿತು, ಅಲ್ಲಿ ಗೇಣುದ್ದ. ಹುತ್ತವೇ ವಾಸಿ ಅನ್ನಿಸಿತು, ಅಲ್ಲೂ ಗೇಣುದ್ದ. ಮತ್ತೆ ಏರಿಯೇ ಸರಿ ಅಂತ ವಾಪಸ್ ಓಡಿತು. ಇತ್ತ ಗಂಡಹೆಂಡತಿ ಆವಿಗೆ ತುಂಬಿದರು, ಬೆಂಕಿ ಕೊಟ್ಟರು. ಬೆಂದ ಗಡಿಗೆಗೆ ಚೌಡವ್ವ ಸುಣ್ಣದ ಚಿತ್ತಾರ ಬರೆದಳು.

ಹನ್ನೆರಡನೇ ದಿನ ವಾಲಗ ಬಂತು, ನಾಯಿಗಳೂ ಬಂದವು. ನರಿ ಕೆರೆ ಏರಿಯ ಬಿಲಕ್ಕೆ ನುಗ್ಗಿದರೆ ಮೂತಿ ಮಾತ್ರ ಒಳಗೆ. ಹುಣಸೆ ಬುಡದಲ್ಲೂ ಅಷ್ಟೇ, ಹುತ್ತದಲ್ಲೂ ಅಷ್ಟೇ. ಅರ್ಧ ಬಾಲ ನಾಯಿ ಬಾಯಿಗೆ ಕೊಟ್ಟು ಏಳು ಕೆರೆ ದಾಟಿ ಓಡಿತು. ಮುದ್ದಪ್ಪನ ಗಡಿಗೆ ಹಂದರ ಸೇರಿದವು, ಕೆರೆಮಣ್ಣು ಅವನದೇ ಆಗಿ ಉಳಿಯಿತು.

ಇದರಿಂದ ತಿಳ್ಕೋಬೇಕಾದ್ದು ಇಷ್ಟೇ. ಬೆವರು ಸುರಿಸಿ ಓಡಾಡಿದ್ದೆಲ್ಲ ಕೆಲಸ ಅಲ್ಲ. ಈ ಹೊತ್ತು ಬಿಟ್ಟರೆ ಯಾವುದು ಕೆಡುತ್ತೋ ಅದನ್ನ ಮೊದಲು ಮುಗಿಸಿ, ಉಳಿದದ್ದು ಆಮೇಲೆ. ಬುದ್ಧಿ ಹೇಳೋಕೆ ಬಂದವರ ಬೆನ್ನನ್ನೂ ಒಂದು ಸಲ ನೋಡಿ.

ಇನ್ನೊಂದು ಕಥೆನಾ? ಒಲೆ ಮೇಲೆ ಹಾಲಿಟ್ಟು ಬಂದಿದ್ದೀನಿ. ಏಳಿ, ದಾರಿ ಬಿಡಿ.