ಬಟ್ಟಲಲ್ಲಿ ಹನ್ನೆರಡು ಹುಳ

ಕಡಲತೀರದ ಒಂದು ಊರಿನಲ್ಲಿ ಪ್ರಮೀಳೆ ಎಂಬವಳು ಗಾಜಿನ ತೊಟ್ಟಿಯಲ್ಲಿ ಉಪ್ಪುನೀರಿನ ಮೀನಿನ ಜೋಡಿಯೊಂದನ್ನು ಸಾಕಿದ್ದಳು. ಕಿತ್ತಳೆ ಮೈ, ಬಿಳಿ ಪಟ್ಟೆ. ಎರಡು ಸಲ ಮೊಟ್ಟೆಯಿಟ್ಟು ಎರಡು ಸಲವೂ ಕಳೆದುಕೊಂಡ ಜೋಡಿ ಅದು. ಮೂರನೆಯ ಸಲ ಕಲ್ಲಿನ ಮೇಲೆ ಮೊಟ್ಟೆ ಕಂಡಾಗಿನಿಂದ ಪ್ರಮೀಳೆಗೆ ಕುಂತಲ್ಲಿ ಕೂರಲಾಗಲಿಲ್ಲ. ಬಾಣಂತಿಗೆ ಬಡಿಸಿದ ಹಾಗೆ ದಿನಕ್ಕೆ ನಾಲ್ಕು ಸಲ ಸಿಗಡಿ ಅರೆದು ಹಾಕಿದಳು.

ಐದನೆಯ ದಿನ ಬೆಳಿಗ್ಗೆ ಕಲ್ಲಿನ ಸಂದಿಯಿಂದ ಹುಳವೊಂದು ತಲೆ ಹಾಕಿತು. ಕೆಂಪು ಮೈ, ಎರಡೂ ಬದಿಗೆ ಬಿಳಿ ರೋಮ. ಅದರ ಹಿಂದೆ ಇನ್ನೊಂದು, ಮತ್ತೊಂದು. ಮೊಟ್ಟೆಗೂ ಅವಕ್ಕೂ ನಡುವೆ ಗೇಣು ದೂರವೂ ಇರಲಿಲ್ಲ.

ಗಂಡ ದಯಾನಂದ ಫೋಟೋ ತೆಗೆದು ಮೊಬೈಲಿನ ಗುಂಪಿಗೆ ಹಾಕಿದ. ಅಂಥ ಹುಳ ನೋಡಿದ್ದವರು ಇಬ್ಬರೋ ಮೂವರೋ. ತೀರ್ಪು ಕೊಟ್ಟವರು ನಲವತ್ತು ಜನ. "ವಿಷದ ಹುಳ, ಮೊದಲು ಕೊಲ್ಲಿ!" ದಯಾನಂದ ಓಡಿ ಹೋಗಿ ಮದ್ದಿನ ಬಾಟಲಿ ತಂದ.

ಪ್ರಮೀಳೆ ಚಿಮಟದಿಂದ ಹನ್ನೆರಡು ಹುಳ ಹಿಡಿದು, ಉಪ್ಪುನೀರಿನ ಬಟ್ಟಲಿಗೆ ಹಾಕಿದಳು. ಒಂದು ಜಾರಿದಾಗ ಬೆರಳು ಹಾಕಿ, ರೋಮ ಚುಚ್ಚಿಸಿಕೊಂಡಳು.

"ಇನ್ನೂ ಒಳಗಿರಬಹುದು. ಮದ್ದು ಸುರಿದುಬಿಡಲಾ?" ಎಂದ ದಯಾನಂದ.

"ತಾಳಿ ಮಾರಾಯರೇ. ಬೀರಮ್ಮಜ್ಜಿಗೆ ತೋರಿಸಿ ಬರ್ತೇನೆ."

ಪಕ್ಕದ ಮನೆಯ ಬೀರಮ್ಮಜ್ಜಿ ಐವತ್ತು ವರ್ಷ ಹೊಳೆಯ ಕೆಸರಿನಲ್ಲಿ ಚಿಪ್ಪಿ ಹೆಕ್ಕಿದವಳು. ಪ್ರಮೀಳೆಯ ಬೆರಳಿಗೆ ಅಂಟುಪಟ್ಟಿ ಹಚ್ಚಿ ಎಳೆದು, ರೋಮ ಕಿತ್ತಳು.

"ನೋಡಿ ಅಜ್ಜಿ, ಎಂಥ ಕೇಡಿ ಹುಳ!"

"ನಿನ್ನನ್ನು ಯಾರಾದರೂ ಹಾಗೆ ಹಿಡಿದರೆ ನೀನು ಮುತ್ತು ಕೊಡ್ತಿದ್ಯಾ? ಮೈ ನೋಡಿ ಹೇಳೋಕಾಗಲ್ಲ ಮಗಾ. ಇವುಗಳಲ್ಲಿ ಒಳ್ಳೇದೂ ಇದೆ, ಕೆಟ್ಟದ್ದೂ ಇದೆ. ಬಾಯಿ ನೋಡು. ಬಟ್ಟಲಿಗೆ ಒಂದು ಸತ್ತ ಸಿಗಡಿ ಹಾಕು, ತೊಟ್ಟಿಯದೇ ಒಂದು ಜೀವಂತ ಬಸವನಹುಳು ಬಿಡು. ಯಾವುದನ್ನು ತಿನ್ನುತ್ತವೆ ಅಂತ ನಾಳೆ ಬೆಳಿಗ್ಗೆ ಹೇಳು."

ಆ ದಿನ ಪ್ರಮೀಳೆ ಹತ್ತು ಸಲ ಬಟ್ಟಲಿಗೆ ಇಣುಕಿದಳು, ಇಪ್ಪತ್ತು ಸಲ ತೊಟ್ಟಿಗೆ. ಮನಸ್ಸು ತಡೆಯದೆ ಮೀನಿಗೆ ಇನ್ನೊಂದು ಚಮಚ ಸಿಗಡಿ ಹಾಕಿದಳು.

ಬೆಳಗಾದಾಗ ಬಟ್ಟಲಿನ ಸಿಗಡಿ ಮಾಯವಾಗಿತ್ತು. ಬಸವನಹುಳು ಹುಳಗಳ ಮೇಲೆಯೇ ಹಾಯಾಗಿ ತೆವಳುತ್ತಿತ್ತು. ಆದರೆ ತೊಟ್ಟಿಯ ನೀರು ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಾಗಿತ್ತು. ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು.

ಅಜ್ಜಿ ಬಂದು ಬಗ್ಗಿ ಮೂಸಿದಳು. "ಇದು ಹುಳದ ನಾತ ಅಲ್ಲ. ನಿನ್ನ ಸಿಗಡಿಯದ್ದು. ಹುಳಗಳು ಸತ್ತದ್ದನ್ನಷ್ಟೇ ತಿನ್ನುವವು, ನೀನು ಚೆಲ್ಲಿದ್ದನ್ನು ತಿಂದು ಹೆಚ್ಚಿದವು. ತಿನ್ನುವವರನ್ನೇ ಹೊರಗೆ ಹಾಕಿದೆ. ಕೊಳೀತು. ಸ್ವಲ್ಪ ಸ್ವಲ್ಪ ನೀರು ಬದಲಿಸು, ಹುಳಗಳನ್ನು ಒಳಗೆ ಬಿಡು, ಇವತ್ತು ಊಟ ಬೇಡ."

"ಅದು ಬಾಣಂತಿ, ಅಜ್ಜಿ!"

"ಅದಕ್ಕೆ ಬಾಣಂತನ ಗೊತ್ತು. ಗೊತ್ತಿಲ್ಲದ್ದು ನಿನಗೆ."

ಮದ್ದಿನ ಬಾಟಲಿ ಒಂದು ಕಡೆ, ಬಟ್ಟಲು ಇನ್ನೊಂದು ಕಡೆ. ಪ್ರಮೀಳೆ ಯಾವುದಕ್ಕೆ ಹೆದರಿ ನಿದ್ದೆಗೆಟ್ಟಿದ್ದಳೋ ಅದನ್ನೇ ಮೊಟ್ಟೆಯ ಪಕ್ಕ ಬಿಡಬೇಕು. ಕಣ್ಣು ಮುಚ್ಚಲಿಲ್ಲ ಅವಳು. ಬಟ್ಟಲನ್ನು ನಿಧಾನ ವಾಲಿಸಿದಳು. ಹನ್ನೆರಡೂ ಕಲ್ಲಿನ ಸಂದಿ ಸೇರಿದವು.

ಮೂರನೆಯ ದಿನ ನೀರು ತಿಳಿಯಾಯಿತು. ಗಂಡುಮೀನು ರೆಕ್ಕೆಯಿಂದ ಮೊಟ್ಟೆಗಳಿಗೆ ಗಾಳಿ ಬೀಸುತ್ತಿತ್ತು. ಪ್ರಮೀಳೆ ಗಾಜಿಗೆ ಮೂಗು ತಾಗಿಸಿ ನೋಡಿದಳು. ಒಂದೊಂದು ಮೊಟ್ಟೆಯೊಳಗಿಂದಲೂ ಸಾಸಿವೆಗಿಂತ ಸಣ್ಣ ಎರಡು ಬೆಳ್ಳಿ ಕಣ್ಣು ಅವಳನ್ನೇ ನೋಡುತ್ತಿದ್ದವು. ಕೆಳಗೆ ಒಂದು ಹುಳ ಅಳಿದುಳಿದ ಸಿಗಡಿ ಹೆಕ್ಕುತ್ತಿತ್ತು.

"ಈ ಬಾಟಲಿ ಏನು ಮಾಡಲಿ?" ಎಂದ ದಯಾನಂದ.

"ಅಂಗಡಿಗೆ ವಾಪಸ್ ಕೊಡಿ. ಇನ್ನು ಹುಳ ಕಂಡರೆ ನಿಮ್ಮ ಗುಂಪಿಗಲ್ಲ, ಮೊದಲು ನನ್ನ ಚಮಚಕ್ಕೆ ಹೇಳಿ."

ನೀತಿ: ಗುರುತಿಲ್ಲದ್ದನ್ನು ಕೊಲ್ಲುವ ಮೊದಲು ಅದು ಏನು ತಿನ್ನುತ್ತದೆ ಎಂದು ನೋಡಿ. ಅದು ತಿನ್ನುತ್ತಿರುವುದು ನಮ್ಮ ತಪ್ಪನ್ನೇ ಆಗಿರಬಹುದು.